ಎರಡನೆಯ ಪೋಷಕರ ಫಾರಂ

ಸೆಪ್ಟೆಂಬರ್ 14, ಶನಿವಾರ

ಪ್ರೋಗ್ರಾಮಿನವರು ಪೋಷಕರನ್ನೆಲ್ಲ ಕರೆಸಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಕೂರಿಸಿದರು. ಕೂರಿಸಿ ಕೊಟ್ಟದ್ದು ಒಂದು ಬಾಳೆಹಣ್ಣು, ಒಂದು ಫೈಲು. ಆ ಫೈಲನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ಕಾಲು ಜೋಮು ಹಿಡಿದಿದೆ.

ಕಳೆದ ವಸಂತದಲ್ಲಿ ನನ್ನ ಮಗಳು ಸುಲ್ಮಾ ಈ ಪ್ರೋಗ್ರಾಮಿಗೆ ಆಯ್ಕೆಯಾದಾಗ ನಮ್ಮ ಕಟ್ಟಡದ ಇಡೀ ಮಹಡಿಗೆ ಕೇಕ್ ಹಂಚಿದ್ದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿಲ್ಲವಂತೆ, ಶುರುವಾಗಿದೆಯಂತೆ. ನಮ್ಮ ಬ್ರಾಂಕ್ಸಿನಂಥ ಬಡವರ ಬಡಾವಣೆಗಳಲ್ಲಿ ಓದುವ ಮಕ್ಕಳನ್ನು ಹುಡುಕಿ ಉಳ್ಳವರ ಖಾಸಗಿ ಶಾಲೆಗಳಿಗೆ ವಿದ್ಯಾರ್ಥಿವೇತನದ ಮೇಲೆ ಸೇರುವ ದಾರಿ ತೋರಿಸುವುದು ಇವರ ಕೆಲಸ. ತೋರಿಸುವುದಷ್ಟೇ. ನಡೆಯಬೇಕಾದವರು ನಾವು. ಎಂಟು ಶಾಲೆ, ಎಂಟು ಅರ್ಜಿ, ಎಂಟು ಸಂದರ್ಶನ, ಒಂದು ಪರೀಕ್ಷೆ. ಪಾಸ್‌ವರ್ಡುಗಳ ಲೆಕ್ಕ ನಾನು ಇಟ್ಟಿಲ್ಲ.

"ನಿಮ್ಮ ಮಗುವನ್ನು ಮೂರು ಪದಗಳಲ್ಲಿ ಬಣ್ಣಿಸಿ" ಅಂತ ಒಂದು ಹಾಳೆ. ಹಠಮಾರಿ, ನಿಧಾನ, ಮೂಗಿ ಅಂತ ಬರೆದುಕೊಟ್ಟೆ. ನಮ್ಮನ್ನು ನೋಡಿಕೊಳ್ಳುವ ಮಿಸ್ ಪೆಟಿಫರ್ಡ್ ಓದಿ, ಕೂದಲಲ್ಲಿ ಸಿಕ್ಕಿಸಿಕೊಂಡ ಪೆನ್ಸಿಲು ತೆಗೆದು ಹಾಳೆಯ ಮೇಲೆ ತಟ್ಟಿದಳು.

"ದಿಲ್ಸಿಯಾ, ಇದು ದೂರು ಕೊಡೋ ಫಾರಂ ಅಲ್ಲ."

"ಮೂರು ಪದ ಅಂದ್ರಿ. ನಿಜ ಬೇಡ ಅಂತ ಹೇಳ್ಲಿಲ್ವಲ್ಲ."

ಆಕೆ ಕೂಡ ಚಿಕ್ಕವಳಿದ್ದಾಗ ಇದೇ ಪ್ರೋಗ್ರಾಮಿನಲ್ಲಿ ಓದಿ ಮೇಲೆ ಬಂದವಳಂತೆ. ಅದಕ್ಕೇ ಇಷ್ಟು ಕೊಬ್ಬು.

ಅಕ್ಟೋಬರ್ 9

ಗುಡ್ಡದ ಮೇಲಿನ ಶಾಲೆಯಲ್ಲಿ ನಮ್ಮ ಮೊದಲ ಸಂದರ್ಶನ. ಆಸ್ಪತ್ರೆಯ ಅಡುಗೆಮನೆಗೆ ಅರ್ಧ ದಿನ ರಜೆ ಹಾಕಿ, ಮದುವೆಗೆ ಹಾಕುವ ಬೂಟು ಹಾಕಿಕೊಂಡು ಗುಡ್ಡ ಹತ್ತಿದೆ. ಆಫೀಸಿನಲ್ಲಿ ಒಂದು ನಾಯಿ ಮಲಗಿತ್ತು. ಸಾಕಿದ ನಾಯಿ, ಸಂಬಳದ ನಾಯಿಯ ಹಾಗೆ ಗತ್ತು.

ಸಂದರ್ಶನ ಮಾಡುವ, ಸ್ವೆಟರು ಹಾಕಿದ ಮನುಷ್ಯ ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡ. "ಸುಲ್ಮಾ, ಬಿಡುವಿದ್ದಾಗ ಏನು ಮಾಡ್ತೀಯ?"

ಇವಳು ನಾಯಿಯನ್ನು ನೋಡುತ್ತಾ ಕೂತಳು. ಒಂದು, ಎರಡು, ಮೂರು. "ಓದ್ತಾಳೆ" ಅಂದೆ. "ಯಾವ ವಿಷಯ ಇಷ್ಟ?" ಮತ್ತೆ ನಾಯಿ. "ವಿಜ್ಞಾನ. ಮನೇಲಿ ಗಿಡ ಬೆಳೆಸ್ತಾಳೆ" ಅಂದೆ. ಹೀಗೆ ಇಡೀ ಸಂದರ್ಶನವನ್ನು ನಾನು ದಡ ಮುಟ್ಟಿಸಿದೆ. ಚೆನ್ನಾಗಿಯೇ ಹೋಯಿತು ಅಂತ ನನ್ನ ಭಾವನೆ.

ಇಳಿದು ಬಂದು ರೈಲು ಹತ್ತಿದೆವು. ರೈಲು ಎರಡು ನಿಲ್ದಾಣ ದಾಟಿದ ಮೇಲೆ, "ಅಮ್ಮಾ, ಸೀಟು ಸಿಕ್ಕಿದ್ರೆ ನೀನು ಹೋಗ್ತೀಯೋ, ನಾನು ಹೋಗ್ಬೇಕೋ?"

"ನೀನು ಬಾಯಿ ಬಿಟ್ಟಿದ್ರೆ ನಾನ್ಯಾಕೆ ಮಾತಾಡ್ತಿದ್ದೆ?"

"ಯೋಚ್ನೆ ಮಾಡ್ತಿದ್ದೆ."

ಓದ್ತೀನಿ ಅನ್ನುವುದಕ್ಕೆ ಯೋಚನೆ ಬೇಕೇ! ಮನೆಗೆ ಬಂದು ಚಾನಾ ದೊಡ್ಡಮ್ಮನ ಹತ್ತಿರ ಹೇಳಿಕೊಂಡರೆ, ಬಾಳೆಕಾಯಿ ಕುಟ್ಟುವುದನ್ನು ನಿಲ್ಲಿಸದೆ, "ನೀನು ಹುಟ್ಟುವಾಗ ನಿನ್ನಮ್ಮನಿಗೆ ನೋವು ಬರೋ ಮೊದ್ಲೇ ನೀನು ಕೂಗಿದೆ" ಅಂದಳು. ಎಪ್ಪತ್ತೆಂಟು ವರ್ಷ. ಇಪ್ಪತ್ತು ವರ್ಷದಿಂದ ನನ್ನ ಮನೆಯಲ್ಲಿದ್ದಾಳೆ. ಒಂದು ದಿನವೂ ನನ್ನ ಪಕ್ಷ ವಹಿಸಿಲ್ಲ.

ಅಕ್ಟೋಬರ್ 27

ಪ್ರಬಂಧ. "ನಿಮ್ಮನ್ನು ರೂಪಿಸಿದ ಒಂದು ಸಂಗತಿ." ಪ್ರೋಗ್ರಾಮಿನಲ್ಲಿ ತಿದ್ದಿಕೊಡಲು ಬರುವ ಒಬ್ಬ ಪುಣ್ಯಾತ್ಮ, ಕಷ್ಟ ಇದ್ದರೆ ಬರಿ, ಓದುವವರ ಮನಸ್ಸು ಮುಟ್ಟುತ್ತದೆ ಅಂದನಂತೆ. ನಮ್ಮ ಕಷ್ಟ ಇವರಿಗೆ ಊಟದ ಜೊತೆ ನೆಂಚಿಕೊಳ್ಳಲಿಕ್ಕೆ.

ಸುಲ್ಮಾ ಕಷ್ಟ ಬರೆದಿಲ್ಲ. ನನ್ನನ್ನು ಬರೆದಿದ್ದಾಳೆ. "ನನ್ನ ಮನೆಯಲ್ಲಿ ಇಬ್ಬರು ಹೆಂಗಸರು ಮೂರು ಭಾಷೆಗಳಲ್ಲಿ ಮಾತಾಡುತ್ತಾರೆ. ಅಮ್ಮ ಫೋನಿನವರ ಜೊತೆ, ಟಿವಿಯ ಜೊತೆ, ಅಕ್ಕಿಯ ಜೊತೆ ಕೂಡ ಮಾತಾಡುತ್ತಾಳೆ. ನನ್ನ ಉತ್ತರಗಳನ್ನೂ ಅವಳೇ ಹೇಳುತ್ತಾಳೆ. ಹಾಗಾಗಿ ನಾನು ಕೇಳಿಸಿಕೊಳ್ಳುವುದನ್ನು ಕಲಿತೆ." ಆಮೇಲೆ ಎರಡು ಪುಟ, ಯಾರು ಹೇಗೆ ಸುಳ್ಳು ಹೇಳುವಾಗ ದನಿ ಬದಲಿಸುತ್ತಾರೆ, ಅಜ್ಜಿ, ಅಂದರೆ ದೊಡ್ಡಮ್ಮ, ಸಮುದ್ರತೀರದ ನಮ್ಮ ಊರಿನ ಗರಿಫುನಾ ಮಾತಿನಲ್ಲಿ ಯಾವಾಗ ಬೈಯುತ್ತಾಳೆ, ಯಾವಾಗ ಪ್ರಾರ್ಥಿಸುತ್ತಾಳೆ, ಇಂಥದ್ದೆಲ್ಲ.

ಇದನ್ನು ಕಳಿಸಕೂಡದು ಅಂದೆ. ಪೆಟಿಫರ್ಡ್‌ಗೆ ಫೋನ್ ಮಾಡಿದೆ. "ಈ ವರ್ಷ ಓದಿದ ನಲವತ್ತರಲ್ಲಿ ಇದೇ ಚೆನ್ನಾಗಿದೆ" ಅಂದಳು. "ನಿಮ್ಮ ಅಮ್ಮನ ಬಗ್ಗೆ ಬರ್ದಿದ್ರೆ ಹಾಗನ್ನಿ ನೋಡೋಣ" ಅಂದೆ. "ನಾನೂ ನಮ್ಮಮ್ಮನ ಬಗ್ಗೇನೇ ಬರ್ದಿದ್ದೆ. ಎರಡು ತಿಂಗಳು ಮಾತು ಬಿಟ್ಟಿದ್ರು" ಅಂದಳು.

ನಾನು ಅಕ್ಕಿಯ ಜೊತೆ ಮಾತಾಡುವುದಿಲ್ಲ. ಕಲ್ಲು ಸಿಕ್ಕಿದಾಗ ಬೈಯುತ್ತೇನೆ, ಅಷ್ಟೇ.

ನವೆಂಬರ್ 12

ನನಗೆ ಗೊತ್ತಿತ್ತು, ಎಲ್ಲೋ ಒಂದು ಕಡೆ ಮುಳ್ಳು ಇಟ್ಟಿರುತ್ತಾರೆ ಅಂತ. ಇವತ್ತು ಸಿಕ್ಕಿತು. ವಿದ್ಯಾರ್ಥಿವೇತನ ಬೇಕಾದರೆ ಎರಡನೆಯ ಪೋಷಕರ ಫಾರಂ ಬೇಕು, ಅಂದರೆ ಅಪ್ಪನ ಸಂಬಳ, ಆಸ್ತಿಯ ಲೆಕ್ಕ. ಬೇರೆ ಇದ್ದರೂ, ಬಿಟ್ಟು ಹೋಗಿದ್ದರೂ ಬೇಕು. ಅದಿಲ್ಲದೆ ಎಂಟರಲ್ಲಿ ಆರು ಶಾಲೆ ಅರ್ಜಿಯನ್ನೇ ಪೂರ್ತಿ ಅಂತ ಎಣಿಸುವುದಿಲ್ಲ.

ಸುಲ್ಮಾಳ ಅಪ್ಪ, ಆ ವಿಲ್ಮರ್, ನಮ್ಮನ್ನು ಬಿಟ್ಟು ಹೋಗಿ ಆರು ವರ್ಷ. ನ್ಯೂ ಆರ್ಲಿಯನ್ಸಿನಲ್ಲಿ ಯಾರದೋ ಚಾವಣಿಗೆ ಮೊಳೆ ಹೊಡೆಯುತ್ತಿದ್ದಾನೆ. ನನ್ನ ಚಾವಣಿ ಸೋರಿದಾಗ ಬರಲಿಲ್ಲ. ಈಗ ಅವನ ಸಹಿ ಬೇಕಂತೆ ನನ್ನ ಮಗಳು ಓದಲಿಕ್ಕೆ!

ಹಲ್ಲು ಕಚ್ಚಿಕೊಂಡು ಅವನ ತಮ್ಮನಿಂದ ನಂಬರು ತೆಗೆದುಕೊಂಡೆ, ಫೋನ್ ಮಾಡಿದೆ. "ದಿಲ್ಸಿಯಾ?" ಅಂದ, ಸತ್ತವಳು ಎದ್ದು ಬಂದ ಹಾಗೆ. ಫಾರಂ ಅಂದ ಕೂಡಲೇ, "ನನಗೆ ಅದೆಲ್ಲ ಆಗಲ್ಲ" ಅಂದ. ನಾನು ಏನೇನೋ ಅಂದೆ. ಫೋನ್ ಇಟ್ಟುಬಿಟ್ಟ.

ಪೆಟಿಫರ್ಡ್ ಒಂದು ಸಂದು ತೋರಿಸಿದಳು. ತಂದೆಗೂ ಮಗುವಿಗೂ ಯಾವ ಸಂಪರ್ಕವೂ ಇಲ್ಲ ಅಂತ ಬರೆದು, ಹೊರಗಿನವರೊಬ್ಬರು ಸಾಕ್ಷಿ ಹೇಳಿದರೆ ವಿನಾಯಿತಿ ಕೊಡುತ್ತಾರೆ. "ಅದು ನಿಜವಾಗಿದ್ರೆ ಮಾತ್ರ" ಅಂದಳು. ನಿಜವಾಗಿದ್ರೆ ಅಂತೆ! ಆರು ವರ್ಷದ ನಿಜ ನನ್ನ ಹತ್ತಿರ ಇದೆ. ನಮ್ಮ ಚರ್ಚಿನ ಫಾದರ್ ಮೆಲೆಸಿಯೋ ಪತ್ರ ಬರೆದುಕೊಡಲು ಒಪ್ಪಿದ್ದಾರೆ. ಸಂಪರ್ಕ ಇಲ್ಲ. ಎಷ್ಟು ಒಳ್ಳೆಯ ಎರಡು ಪದ.

ನವೆಂಬರ್ 17

ಪರೀಕ್ಷೆ ಮುಗಿಯಿತು. ನಾವು ಚೆನ್ನಾಗಿ ಮಾಡಿದೆವು ಅನಿಸುತ್ತದೆ. ಕೇಳಿದರೆ "ಗೊತ್ತಿಲ್ಲ" ಅಂತಾಳೆ. ಮೂರು ಗಂಟೆ ಕೂತು ಬರೆದವಳಿಗೆ ಗೊತ್ತಿಲ್ಲ.

ನವೆಂಬರ್ 24, ಭಾನುವಾರ

ಫಾದರ್ ಪತ್ರ ಕೊಟ್ಟರು. ಕೆಳಗೆ ನನ್ನ ಸಹಿ, ಸುಲ್ಮಾಳ ಸಹಿ ಬೇಕು. ಊಟದ ಮೇಜಿನ ಮೇಲೆ ಇಟ್ಟೆ. ಓದಿದಳು. ಪೆನ್ನು ಮುಟ್ಟಲಿಲ್ಲ.

"ಹಾಕು."

"ಆಗಲ್ಲ ಅಮ್ಮಾ. ಸುಳ್ಳು ಅದು."

"ಯಾವುದು ಸುಳ್ಳು?"

ಅವಳು ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಎದ್ದು ಪಾತ್ರೆ ತೊಳೆಯಲು ಹೋದಳು. ಆ ಮುದುಕಿ ಕರೆಯದೆ ಯಾವತ್ತೂ ಸಿಂಕಿನ ಹತ್ತಿರ ಹೋದವಳಲ್ಲ. ಏನು ಮುಚ್ಚಿಡ್ತಿದ್ದೀರಿ ಅಂತ ಕೇಳಿದೆ.

ಎರಡು ವರ್ಷದಿಂದಂತೆ. ಪ್ರತಿ ಭಾನುವಾರ. ನಾನು ಆಸ್ಪತ್ರೆಯಲ್ಲಿ ರೋಗಿಗಳ ತಟ್ಟೆಗೆ ಉಪ್ಪಿಲ್ಲದ ಗಂಜಿ ಬಡಿಸುತ್ತಿರುವಾಗ, ಇಲ್ಲಿ ದೊಡ್ಡಮ್ಮನ ಫೋನಿನಲ್ಲಿ ಅಪ್ಪ ಮಗಳ ಮಾತು. ಇವಳಿಗೆ ಮಾತು ಬರುವುದಿಲ್ಲ ಅಂತ ಮೂರು ಪದದಲ್ಲಿ ಬರೆದುಕೊಟ್ಟಿದ್ದೇನೆ ನಾನು!

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಅಪ್ಪನ ಬಗ್ಗೆ ಕೇಳಲ್ಲ ಅಮ್ಮಾ. ಹೇಳ್ತೀಯ."

ದೊಡ್ಡಮ್ಮ ಸಿಂಕಿನಿಂದಲೇ, "ಮಗು ಕೇಳ್ತು, ನಂಬರು ಒತ್ತಿದೆ. ಇನ್ನೇನು ಪೊಲೀಸ್ರಿಗೆ ಹೇಳ್ಬೇಕಿತ್ತಾ?" ಅಂದಳು.

ಪತ್ರ ಹರಿದೆ. ಹರಿದ ಮೇಲೆ ಫಾದರ್‌ಗೆ ಏನು ಹೇಳಲಿ ಅಂತ ಯೋಚನೆ ಹತ್ತಿತು.

ನವೆಂಬರ್ 25

ಯಾರ ಜೊತೆಗೂ ಮಾತಿಲ್ಲ. ಮೀನಿನ ಸಾರಿಗೆ ಉಪ್ಪು ಹಾಕಲಿಲ್ಲ. ಯಾರೂ ಕೇಳಲಿಲ್ಲ.

ನವೆಂಬರ್ 26

ಇವತ್ತೂ ಇಲ್ಲ.

ಡಿಸೆಂಬರ್ 3

ಆ ಫಾರಂಗೆ ಕೊನೆಯ ದಿನಾಂಕ ಹದಿನೈದು. ಪೆಟಿಫರ್ಡ್ ದಿನಕ್ಕೆರಡು ಸಲ ಕೇಳುತ್ತಾಳೆ. ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅವನಿಗೆ ಮತ್ತೆ ಫೋನ್ ಮಾಡಿದೆ. ಬೈಯುವುದಿಲ್ಲ ಅಂತ ಶಪಥ ಮಾಡಿಕೊಂಡೇ ಮಾಡಿದೆ.

"ಪ್ರೋಗ್ರಾಮಿನವರು ಫೋನಿಗೆ ಫಾರಂನ ಲಿಂಕು ಕಳಿಸಿದ್ರು, ನೋಡಿದ್ಯಾ?"

"ನೋಡಿದೆ."

"ಮತ್ತೆ?"

"ನೋಡಿದೆ ಅಷ್ಟೆ."

"ಮಗಳ ಜೊತೆ ಎರಡು ವರ್ಷ ಕದ್ದು ಮಾತಾಡಕ್ಕೆ ಆಗತ್ತೆ, ಒಂದು ಫಾರಂ ತುಂಬಕ್ಕೆ ಆಗಲ್ವಾ? ನಿನ್ನ ಹತ್ರ ಯಾರೂ ಏನೂ ಕಿತ್ಕೊಳಲ್ಲ. ಓದಿ, ಎದುರಿಗೆ ಬರಿ, ಮುಗೀತು!"

ಆ ಕಡೆ ಯಾರೋ ಹಲಗೆ ಕೊಯ್ಯುತ್ತಿದ್ದರು. ಆ ಗರಗಸದ ಸದ್ದು ನಿಂತಾಗ ನನಗೆ ಹೊಳೆಯಿತು. ಓದಿ ಅಂದೆನಲ್ಲ.

ನನಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಊರಲ್ಲಿ ಎರಡನೇ ತರಗತಿಗೇ ಶಾಲೆ ಬಿಡಿಸಿ ಅವನಪ್ಪ ಮೀನಿನ ದೋಣಿಗೆ ಹತ್ತಿಸಿಕೊಂಡಿದ್ದ. ಸಂಸಾರದಲ್ಲಿ ಬಂದ ಕಾಗದವೆಲ್ಲ ನಾನೇ ಓದುತ್ತಿದ್ದೆ. ಒಂದು ಸಲ ಅವನ ತಮ್ಮಂದಿರೆಲ್ಲ ಕೂತಿದ್ದಾಗ, "ಬೋರ್ಡು ಓದಕ್ಕೆ ಬರದವನು ದಾರಿ ತೋರಿಸ್ತಾನೆ ನೋಡಿ" ಅಂತ ಅಂದಿದ್ದೆ. ಎಲ್ಲರೂ ನಕ್ಕಿದ್ದರು. ಆಮೇಲೆ ಆರು ತಿಂಗಳಿಗೆ ಅವನು ಬಸ್ಸು ಹತ್ತಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇರಲಿಕ್ಕಿಲ್ಲ.

"ಸುಲ್ಮಾಗೆ ಹೇಳ್ಬೇಡ" ಅಂದ.

"ನಾಳೆ ಹನ್ನೆರಡೂವರೆಗೆ ಫೋನ್ ಎತ್ತು. ನಾನು ಓದ್ತೀನಿ, ನೀನು ಹೇಳು, ನಾನು ತುಂಬ್ತೀನಿ" ಅಂದೆ.

ಬೇರೆ ದಾರಿ ಇರಲಿಲ್ಲ, ಅದಕ್ಕೆ.

ಡಿಸೆಂಬರ್ 5

ಎರಡು ದಿನದಲ್ಲಿ ಮೂರು ಪುಟ ಆಗಿದೆ. ಇಂಥ ಫಾರಂ ಬರೆದವನ ಕೈ ಸೇದಿಹೋಗಲಿ. ಇವತ್ತಿನ ಪ್ರಶ್ನೆ: ನಿಮಗೆ ಎರಡನೆಯ ಮನೆ, ವಿಹಾರ ನೌಕೆ, ಕುದುರೆ ಇವೆಯೇ?

ಓದಿ ಹೇಳಿದೆ. ಸುಲ್ಮಾಳ ಅಪ್ಪ, "ದೋಣಿ ಇದೆಯಲ್ಲ" ಅಂದ.

"ಯಾವ ದೋಣಿ?"

"ಊರಲ್ಲಿ. ಅಪ್ಪಂದು. ಅರ್ಧ ಮುಳುಗಿದೆ. ಮೇಲಿರೋ ಅರ್ಧ ಬರೀಬೇಕಾ?"

ನಗಬಾರದು ಅಂತ ಇದ್ದೆ. ನಗು ಬಂತು. ಅಡುಗೆಮನೆಯಿಂದ ಇಬ್ಬರು ಹೊರಗೆ ಬಂದು, ಏನಾಯ್ತು ಅಂತ ನೋಡಿ ಹೋದರು. ಕೆಮ್ಮು ಅಂದೆ.

ಡಿಸೆಂಬರ್ 10

ಕೊನೆಯ ಪುಟ. ಮಗುವಿನ ಓದಿಗೆ ನೀವು ವರ್ಷಕ್ಕೆ ಎಷ್ಟು ಕೊಡಬಲ್ಲಿರಿ? ಅವನು ಒಂದು ಮೊತ್ತ ಹೇಳಿದ. ಮೂವರು ವಿಲ್ಮರ್‌ಗಳು ಹಗಲಿರುಳು ಮೊಳೆ ಹೊಡೆದರೂ ಆಗದ ಮೊತ್ತ.

"ನನ್ನ ಮುಂದೆ ದೊಡ್ಡಸ್ತಿಕೆ ಬೇಡ. ಆಗೋವಷ್ಟು ಹೇಳು" ಅಂದೆ.

ಆಮೇಲೆ ಆಗುವಷ್ಟು ಹೇಳಿದ. ಅದನ್ನೇ ಬರೆದೆ. ಓದಿ ಹೇಳು ಅಂದ, ಮೊದಲಿನಿಂದ ಕೊನೆಯವರೆಗೆ ಪೂರ್ತಿ ಓದಿ ಹೇಳಿದೆ. ಬಿಡುವು ಮುಗಿದು ಹದಿನೈದು ನಿಮಿಷ ಆಗಿತ್ತು. ಮೇಲ್ವಿಚಾರಕಿಯ ಕೈಲಿ ಬೈಸಿಕೊಂಡೆ. ಸೇರಿಸಬೇಕಾದ ಕಾಗದಗಳನ್ನು ವಿಲ್ಮರ್ ಫೋಟೋ ತೆಗೆದು ಕಳಿಸಿದ, ಒಂದೊಂದರಲ್ಲೂ ಅವನ ಹೆಬ್ಬೆರಳು. ಸಾಯಂಕಾಲ ನಾಲ್ಕಕ್ಕೆ ಕಳಿಸಿದೆ.

ಪೆಟಿಫರ್ಡ್ ಕುಣಿದಳು ಅನಿಸುತ್ತದೆ, ಫೋನಿನಲ್ಲಿ ಕುರ್ಚಿ ಬಿದ್ದ ಸದ್ದು ಕೇಳಿಸಿತು. "ಹೇಗೆ ಒಪ್ಪಿಸಿದ್ರಿ?" ಅಂದಳು. ಅದು ಅವಳಿಗೆ ಸಂಬಂಧಪಡದ ವಿಷಯ.

ಜನವರಿ 17

ಪ್ರೋಗ್ರಾಮಿನ ವ್ಯಾನಿನಲ್ಲಿ ಐದು ಗಂಟೆ ಉತ್ತರಕ್ಕೆ. ನ್ಯೂ ಹ್ಯಾಂಪ್‌ಶೈರ್. ಅಲ್ಲೇ ಇದ್ದು ಓದುವ ಶಾಲೆ. ಪಟ್ಟಿಯಲ್ಲಿ ಒಂದಾದರೂ ಹಾಸ್ಟೆಲ್ ಶಾಲೆ ಇರಲಿ ಅಂತ ಪೆಟಿಫರ್ಡ್ ತುರುಕಿದ್ದು. ಹೋಗುವ ಮಾತೇ ಇಲ್ಲ, ಸುಮ್ಮನೆ ನೋಡಿ ಬರೋಣ ಅಂತ. ಹಿಮ ಸೊಂಟದವರೆಗೆ. ಊಟಕ್ಕೆ ಬೆಂದ ಗಜ್ಜರಿ. ಉಪ್ಪಿಲ್ಲ. ನನ್ನ ಆಸ್ಪತ್ರೆಯೇ ವಾಸಿ.

ಇಲ್ಲಿ ಅವಳನ್ನು ಬೇರೆ, ನನ್ನನ್ನು ಬೇರೆ ಕೂರಿಸಿದರು. ನನ್ನೆದುರು ಕೂತ ಬಿಳಿ ಕೂದಲ ಹೆಂಗಸು ಕೇಳಿದಳು: "ಮನೆಯಲ್ಲಿ ಸುಲ್ಮಾ ಹೇಗೆ?"

ಐದು ಗಂಟೆ ವ್ಯಾನಿನಲ್ಲಿ ಕುಲುಕಿ ಬಂದಿದ್ದೆ, ಹಸಿವು ಬೇರೆ. "ನನಗೆ ಅಷ್ಟು ಗೊತ್ತಿಲ್ಲ" ಅಂದುಬಿಟ್ಟೆ. "ಗೊತ್ತು ಅಂದ್ಕೊಂಡಿದ್ದೆ. ಅವಳು ನಾವು ಹೇಳೋದೆಲ್ಲ ಕೇಳಿಸ್ಕೊಂಡು ಇಟ್ಕೊಂಡಿರ್ತಾಳೆ. ಉತ್ತರ ಕೊಡಕ್ಕೆ ಹೊತ್ತು ಬೇಕು. ಕಾದ್ರೆ ಸಿಗತ್ತೆ. ಅವಳನ್ನೇ ಕೇಳಿ."

ಆ ಹೆಂಗಸು ಬಹಳ ಹೊತ್ತು ಏನೋ ಬರೆದುಕೊಂಡು, ಎದ್ದು ಸುಲ್ಮಾ ಇದ್ದ ಕೋಣೆಗೆ ಹೋದಳು. ಮಗಳ ಬಗ್ಗೆ ಗೊತ್ತಿಲ್ಲ ಅನ್ನುವ ತಾಯಿ ಅಂತಲೇ ಇರಬೇಕು. ಈ ಶಾಲೆಯಂತೂ ಕೈ ಬಿಟ್ಟಿತು. ಬಿಡಲಿ.

ಸುಲ್ಮಾ ಒಳಗಿನಿಂದ ಬರಲು ಒಂದು ಗಂಟೆ ಹತ್ತು ನಿಮಿಷ ಆಯಿತು. ಹೇಗಾಯ್ತು ಅಂತ ನಾನು ಕೇಳಲಿಲ್ಲ, ಹಲ್ಲು ಕಟಕಟ ಅನ್ನುತ್ತಿತ್ತು. ಕನೆಟಿಕಟ್ ದಾಟುವಾಗ ಅವಳೇ ಹೇಳಲು ಶುರು ಮಾಡಿದಳು. ಬ್ರಾಂಕ್ಸ್ ಬಂದರೂ ಮುಗಿದಿರಲಿಲ್ಲ.

ಫೆಬ್ರವರಿ 13

ಊರೊಳಗಿನ ಏಳು ಶಾಲೆಗಳ ಉತ್ತರ. ಐದು ಇಲ್ಲ. ಒಂದು, ಕಾದು ನೋಡಿ. ನಾಯಿ ಶಾಲೆಯೂ ಇಲ್ಲ ಅಂದಿದೆ. ಪಾರ್ಕಿನ ಪಕ್ಕದ ಶಾಲೆ ಬಾ ಅಂದಿದೆ, ಪೂರ್ತಿ ವಿದ್ಯಾರ್ಥಿವೇತನ! ಮನೆಯಿಂದ ನಲವತ್ತು ನಿಮಿಷ, ಒಂದೇ ರೈಲು. ದೊಡ್ಡಮ್ಮ ತೆಂಗಿನ ಹಾಲಿನ ಮೀನು ಸಾರು ಮಾಡಿ ಎರಡು ಸಲ ಬಡಿಸಿದಳು. ಮುಗಿಯಿತು, ದೇವರ ದಯೆ.

ಮಾರ್ಚ್ 10

ಮುಗಿದಿಲ್ಲ. ಉತ್ತರದ ಹಿಮದ ಶಾಲೆಯೂ ಕರೆದಿದೆ, ಅದೂ ಪೂರ್ತಿ ವಿದ್ಯಾರ್ಥಿವೇತನದ ಮೇಲೆ.

ಮಾರ್ಚ್ 23

ಹದಿಮೂರು ದಿನದಿಂದ ಒಂದೇ ಜಗಳ. ಅವಳಿಗೆ ಹಿಮದ ಶಾಲೆಯೇ ಬೇಕು. ಎದುರಿಗೆ ಪಾರ್ಕಿನ ಶಾಲೆ ಇದೆ, ಬೆಚ್ಚಗೆ ಮನೆ ಇದೆ, ಬಿಸಿ ಸಾರು ಇದೆ. ಹದಿಮೂರು ವರ್ಷದ ಕೂಸು ಐದು ಗಂಟೆ ದೂರ ಹೋಗಿ ಬೆಂದ ಗಜ್ಜರಿ ತಿನ್ನುತ್ತೇನೆ ಅನ್ನುತ್ತದೆ.

"ಏನಿದೆ ಅಲ್ಲಿ? ಹೇಳು, ಏನಿದೆ?"

"ಆ ಬಿಳಿ ಕೂದಲ ಮೇಡಂ ಒಂದು ಪ್ರಶ್ನೆ ಕೇಳಿದ್ರು. ನನಗೆ ತಕ್ಷಣ ಗೊತ್ತಾಗ್ಲಿಲ್ಲ. ಅವರು ಕಾದ್ರು ಅಮ್ಮಾ. ಗಡಿಯಾರ ನೋಡ್ಲಿಲ್ಲ."

"ನಾನು ಕಾಯಲ್ವಾ?"

ಉತ್ತರ ಇಲ್ಲ. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ದೊಡ್ಡಮ್ಮ ಏನೋ ಹೇಳಲು ಬಂದಳು, ಕೈ ಮಾಡಿ ತಡೆದೆ. ಸೀದ ವಾಸನೆ ಬಂತು, ಆಮೇಲೆ ಹೊಗೆ.

"ಈಗ ನೀನು ಕಾದೆ" ಅಂದಳು ಸುಲ್ಮಾ, ಹೋಗಿ ಒಲೆ ಆರಿಸಿದಳು.

ಪಾತ್ರೆಯ ತಳ ಉಜ್ಜಿ ಉಜ್ಜಿ ಕೈ ನೋಯುತ್ತಿದೆ.

ಏಪ್ರಿಲ್ 2

ಮಧ್ಯಾಹ್ನ ವಿಲ್ಮರ್‌ಗೆ ಫೋನ್ ಮಾಡಿದೆ. ಏನನ್ನುತ್ತಾನೆ ಅಂತ ನೋಡೋಣ ಅಂತ.

"ನಿನ್ನ ಹತ್ರಾನೇ ಇರ್ಲಿ ಅಂತ ನನಗಾಸೆ" ಅಂದ. "ಆದ್ರೆ ದಿಲ್ಸಿಯಾ, ಬಿಟ್ಟು ಹೋದವನು ಆ ಮಾತು ಹೇಳಬಾರ್ದು."

ಅವನಿಂದ ಇಂಥ ಮಾತು ನಾನು ನಿರೀಕ್ಷಿಸಿರಲಿಲ್ಲ. ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸು ತಂದೆ.

ಏಪ್ರಿಲ್ 9

ಉತ್ತರ ಕೊಡಲು ನಾಳೆ ಕೊನೆ. ಇವತ್ತು ಸುಲ್ಮಾ ಎರಡೂ ಶಾಲೆಯ ಪತ್ರ ತಂದು ನನ್ನ ಮುಂದಿಟ್ಟಳು. "ನೀನು ಹೇಳಿದ ಕಡೆ ಹೋಗ್ತೀನಿ. ಬೇಜಾರಿಲ್ಲ" ಅಂದಳು. ದನಿ ಬದಲಾಗಿತ್ತು. ಇವಳು ಸುಳ್ಳು ಹೇಳುವಾಗ ಕೊನೆಯ ಪದ ನುಂಗುತ್ತಾಳೆ. ಇಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಉತ್ತರದ ಶಾಲೆಯ ಪತ್ರಕ್ಕೆ ಸಹಿ ಹಾಕಿದೆ. ಪೆನ್ನು ಎರಡು ಸಲ ನಿಂತಿತು, ಸುಡುಗಾಡು ಪೆನ್ನು. ಅವಳು ಅಪ್ಪಿಕೊಂಡು ಅಳಲು ಶುರು ಮಾಡಿದಳು. ಅಷ್ಟು ಬೇಕಾಗಿದ್ದರೆ ಬೇಕು ಅಂತ ಜೋರಾಗಿ ಹೇಳಬಾರದಿತ್ತೇ? ಹೇಳಿದ್ದಳು, ನಿಜ. ಹದಿಮೂರು ದಿನ.

ದೊಡ್ಡಮ್ಮ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಮ್ಮ ಮಾತಿನಲ್ಲಿ ಏನೋ ಗೊಣಗುತ್ತಿದ್ದಳು. "ಬೈತಿದಾಳಾ?" ಅಂದೆ. ಸುಲ್ಮಾ ಕಿವಿಗೊಟ್ಟು, "ಇಲ್ಲ, ಪ್ರಾರ್ಥನೆ" ಅಂದಳು.

ಏಪ್ರಿಲ್ 12, ಶನಿವಾರ

ನನಗೊಂದು ಶನಿವಾರ ಸಿಕ್ಕಿತ್ತು. ಅದನ್ನೂ ಪೆಟಿಫರ್ಡ್ ನುಂಗಿದಳು. ಈ ವರ್ಷದ ಹೊಸ ಕುಟುಂಬಗಳು ಬರುತ್ತವೆ, ಬಂದು ನಾಲ್ಕು ಮಾತಾಡಿ ಅಂತ. ನನಗೆ ಭಾಷಣ ಬರಲ್ಲ ಅಂದೆ. ಅದಕ್ಕೆ ಅವಳು ನಕ್ಕಿದ್ದು ನನಗೆ ಸರಿಬರಲಿಲ್ಲ.

ಹೋದೆ. ಅದೇ ಬಾಳೆಹಣ್ಣು, ಅದೇ ಫೈಲು. ಪಕ್ಕದಲ್ಲಿ ಘಾನಾದ ಒಬ್ಬ ಹೆಂಗಸು, ಅಡ್ವೋವಾ ಅಂತ. ಫೈಲಿನ ಕೊನೆಗೆ ಬಂದು, ಎರಡನೆಯ ಪೋಷಕರು ಅನ್ನುವ ಜಾಗದಲ್ಲಿ ಕಾಗದ ತೂತಾಗುವಷ್ಟು ಒತ್ತಿ "ಸಂಪರ್ಕ ಇಲ್ಲ" ಅಂತ ಬರೆಯುತ್ತಿದ್ದಳು.

"ನಿಲ್ಸಿ" ಅಂದೆ. "ಮೊದ್ಲು ಮಗಳನ್ನ ಕೇಳಿ."

"ಅವಳಿಗೇನು ಗೊತ್ತು? ಹನ್ನೆರಡು ವರ್ಷ ಅವಳಿಗೆ."

"ಅದನ್ನೇ ಕೇಳಿ. ಕೇಳಿ ಸುಮ್ಮನಿರಿ."

ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ನೋಡಿದಳು. ಆದರೆ ಪೆನ್ನಿನ ಮುಚ್ಚಳ ಹಾಕಿದಳು. ಅರ್ಧ ಗಂಟೆಯ ನಂತರ ಕುರ್ಚಿ ಹತ್ತಿರ ಎಳೆದುಕೊಂಡು, "ಆ ಫಾರಂ ಎಷ್ಟು ಪುಟ ಇರತ್ತೆ?" ಅಂತ ಮೆಲ್ಲಗೆ ಕೇಳಿದಳು. ಹೇಳಿದೆ. ಕುದುರೆಯ ವಿಷಯವನ್ನೂ ಹೇಳಿದೆ. ಮಾತಾಡುತ್ತಾ ಎರಡೂವರೆ ಆಯಿತು. ಮನೆಗೆ ಬಂದರೆ ಸಾರೆಲ್ಲ ಖಾಲಿ.

ಮುಂದಿನ ಶನಿವಾರವೂ ಬನ್ನಿ ಅಂತಾಳೆ ಪೆಟಿಫರ್ಡ್. ಸಾಧ್ಯವೇ ಇಲ್ಲ ಅಂದೆ. ಎಷ್ಟು ಗಂಟೆಗೆ ಅಂತ ಮಾತ್ರ ಕೇಳಿಕೊಂಡು ಬಂದಿದ್ದೇನೆ.